ನಮ್ಮ ಕಾಲೇಜಿಗೊಬ್ಬ ಕೇಸ್ ಮ್ಯಾನೇಜರ್ ಬೇಕು

'ಕೇಸ್' ಅನ್ನೋ ಪದ ಕೇಳಿದ ತಕ್ಷಣ ನಮಗೆ ನೆನಪಾಗೋದು ಪೊಲೀಸ್ ಸ್ಟೇಷನ್, ಇಲ್ಲಾಂದ್ರೆ ಕೋರ್ಟು. 'ಅವನ ಮೇಲೆ ಕೇಸ್ ಇದೆ' ಅಂದ್ರೆ ಏನೋ ತಪ್ಪು ಮಾಡಿದ್ದಾನೆ ಅಂತ. ಹಾಸ್ಟೆಲ್‌ನಲ್ಲಿ 'ಅವನೊಂದು ಕೇಸು ಬಿಡು ಮಗಾ' ಅಂದ್ರೆ ಅದರ ಅರ್ಥವೇ ಬೇರೆ. ಹಾಗಾಗಿ ಕಷ್ಟದಲ್ಲಿರೋ ವಿದ್ಯಾರ್ಥಿಗಳಿಗೆ ಕೇಸ್ ಮ್ಯಾನೇಜರ್ ಬೇಕು ಅಂತ ನಮ್ಮ ಕನ್ನಡ ಸಂಘದ ಮೀಟಿಂಗ್‌ನಲ್ಲಿ ಮಾತು ಬಂದಾಗ ಮೊದಲು ನಕ್ಕವರೇ ಜಾಸ್ತಿ. ಇದನ್ನ ಕನ್ನಡದಲ್ಲಿ ಏನಂತ ಕರೆಯೋದು ಅಂತ ಚರ್ಚೆ ಶುರುವಾಯ್ತು. ಒಬ್ಬರು 'ಪ್ರಕರಣ ನಿರ್ವಾಹಕ' ಅಂದ್ರು. ನಿರ್ವಾಹಕ ಅಂದ್ರೆ ಬಸ್ ಕಂಡಕ್ಟರ್ ಅಲ್ವಾ ಅಂತ ಇನ್ನೊಬ್ಬರು ಕೇಳಿದ್ರು.

ಯೋಚನೆ ಮಾಡಿ ನೋಡಿದ್ರೆ ಆ ಹೋಲಿಕೆ ಚೆನ್ನಾಗೇ ಇದೆ. ಕಂಡಕ್ಟರ್ ಬಸ್ ಓಡಿಸಲ್ಲ. ಆದ್ರೆ ಯಾವ ಸ್ಟಾಪ್‌ನಲ್ಲಿ ಇಳೀಬೇಕು, ಎಲ್ಲಿ ಬಸ್ ಬದಲಾಯಿಸಬೇಕು ಅಂತ ಅವರಿಗೆ ಗೊತ್ತಿರುತ್ತೆ. ಊರಿಗೆ ಹೊಸಬರಾದ ಅಜ್ಜಿ ಹತ್ತಿದ್ರೆ 'ಅಜ್ಜಿ, ಇಲ್ಲೇ ಇಳೀರಿ, ಎದುರುಗಡೆ ನಿಂತಿರೋ ಬಸ್ ಹತ್ತಿ' ಅಂತ ಹೇಳಿ ಕಳಿಸ್ತಾರೆ. ಚಿಲ್ಲರೆ ಇಲ್ಲದಿದ್ರೆ ಟಿಕೆಟ್ ಹಿಂದೆ ಬರೆದುಕೊಟ್ಟು, ಇಳಿಯುವಾಗ ಲೆಕ್ಕ ಚುಕ್ತಾ ಮಾಡ್ತಾರೆ. ಕಾಲೇಜಿನಲ್ಲಿ ನಮಗೆ ಬೇಕಾಗಿರೋದು ಇಂಥ ಒಬ್ಬರು.

ಒಂದು ಉದಾಹರಣೆ ತಗೊಳ್ಳೋಣ. ಇವನು ನಿಜವಾದ ಒಬ್ಬ ವ್ಯಕ್ತಿ ಅಲ್ಲ. ಹಾಸ್ಟೆಲ್‌ನಲ್ಲಿ, ಕ್ಯಾಂಟೀನ್‌ನಲ್ಲಿ ನಾವೆಲ್ಲ ಕೇಳಿರೋ ಕಷ್ಟಗಳನ್ನ ಸೇರಿಸಿ ಕಲ್ಪಿಸಿಕೊಂಡ ಹುಡುಗ. ರಾಯಚೂರು ಕಡೆಯವನು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಸಿಇಟಿಯಲ್ಲಿ ಒಳ್ಳೇ ರ‍್ಯಾಂಕ್, ಈಗ ಥರ್ಡ್ ಸೆಮ್. ಈ ವರ್ಷ ಊರಲ್ಲಿ ಬೆಳೆ ಕೈಕೊಟ್ಟಿದೆ. ಸ್ಕಾಲರ್‌ಶಿಪ್ ದುಡ್ಡು ಇನ್ನೂ ಅಕೌಂಟಿಗೆ ಬಿದ್ದಿಲ್ಲ. ಹಾಸ್ಟೆಲ್ ಫೀಸಿನ ಎರಡನೇ ಕಂತು ಬಾಕಿ. ನಡುವೆ ಜಾಂಡೀಸ್ ಆಗಿ ಎರಡು ವಾರ ಊರಿಗೆ ಹೋದ, ವಾಪಸ್ ಬರೋ ಹೊತ್ತಿಗೆ ಮೊದಲನೇ ಇಂಟರ್ನಲ್ಸ್ ಮುಗಿದಿತ್ತು. ಫಸ್ಟ್ ಇಯರ್ ಮ್ಯಾಥ್ಸ್ ಬ್ಯಾಕ್‌ಲಾಗ್ ಮೊದಲೇ ಒಂದು ಇದೆ. ಈಗ ರಾತ್ರಿ ನಿದ್ದೆ ಬರಲ್ಲ, ಬೆಳಿಗ್ಗೆ ಏಳೋಕಾಗಲ್ಲ. ಮೆಸ್‌ಗೆ ಹೋಗೋದೂ ಕಮ್ಮಿ ಮಾಡಿದ್ದಾನೆ. ಅವ್ವನ ಫೋನ್ ಬಂದ್ರೆ 'ಆರಾಮ್ ಅದೀನವ್ವ' ಅಂತ ಹೇಳಿ ಇಟ್ಟುಬಿಡ್ತಾನೆ.

ಇವನು ಈಗ ಎಷ್ಟು ಬಾಗಿಲು ತಟ್ಟಬೇಕು, ಲೆಕ್ಕ ಹಾಕಿ. ಅಟೆಂಡೆನ್ಸ್‌ಗೆ ಎಚ್‌ಒಡಿ. ತಪ್ಪಿಹೋದ ಟೆಸ್ಟ್‌ಗೆ ಪ್ರತಿ ವಿಷಯದ ಲೆಕ್ಚರರ್. ಮೆಡಿಕಲ್ ಸರ್ಟಿಫಿಕೇಟ್‌ಗೆ ಊರಿನ ಡಾಕ್ಟರ್. ಫೀಸಿಗೆ ಅಕೌಂಟ್ಸ್ ಸೆಕ್ಷನ್. ಸ್ಕಾಲರ್‌ಶಿಪ್‌ಗೆ ಆಫೀಸಿನ ಇನ್ನೊಂದು ಕೌಂಟರ್. ರೂಮು ಖಾಲಿ ಮಾಡಿಸದ ಹಾಗೆ ನೋಡಿಕೊಳ್ಳೋಕೆ ವಾರ್ಡನ್. ಬ್ಯಾಕ್‌ಲಾಗ್‌ಗೆ ಎಕ್ಸಾಮ್ ಸೆಕ್ಷನ್. ನಿದ್ದೆ ಬರದೇ ಇರೋದಕ್ಕೆ ಕೌನ್ಸೆಲರ್. ಎಂಟು ಬಾಗಿಲು. ಪ್ರತಿ ಬಾಗಿಲಲ್ಲೂ ತನ್ನ ಕಥೆಯನ್ನ ಮೊದಲಿಂದ ಹೇಳಬೇಕು. ಪ್ರತಿ ಕಡೆಯೂ ಒಂದೇ ಉತ್ತರ: 'ಲೆಟರ್ ಬರೆದು, ಅವರ ಹತ್ರ ಸೈನ್ ಹಾಕಿಸ್ಕೊಂಡು ಬಾ.' ಆ ಅವರು ಇವತ್ತು ರಜಾ.

ಆರೋಗ್ಯವಾಗಿರೋ, ಧೈರ್ಯ ಇರೋ, ಇಂಗ್ಲಿಷ್‌ನಲ್ಲಿ ಲೆಟರ್ ಬರೆಯೋಕೆ ಬರೋ ನಮ್ಮಂಥವರಿಗೇ ಇದು ಸುಸ್ತು. ಹಾಸಿಗೆಯಿಂದ ಏಳೋಕೇ ಆಗದೇ ಇರೋನಿಗೆ ಎಂಟು ಆಫೀಸು ಸುತ್ತು ಅನ್ನೋದು, ಕಾಲು ಮುರಿದವನಿಗೆ ಬೆಟ್ಟ ಹತ್ತಿ ಆಸ್ಪತ್ರೆಗೆ ಬಾ ಅಂದ ಹಾಗೆ. ಎರಡನೇ ಬಾಗಿಲಿಗೇ ಅವನು ನಿಲ್ಲಿಸಿಬಿಡ್ತಾನೆ. ಕಾಲೇಜಿನ ಲೆಕ್ಕದಲ್ಲಿ ಆಗ ಅವನು 'ಇರ‍್ರೆಗ್ಯುಲರ್ ಸ್ಟೂಡೆಂಟ್'.

ನಮ್ಮ ಕಾಲೇಜಿನಲ್ಲಿ ಕೌನ್ಸೆಲರ್ ಇದ್ದಾರಲ್ಲ ಅಂತ ಕೇಳಬಹುದು. ಇದ್ದಾರೆ, ಒಳ್ಳೆಯವರೇ. ಆದ್ರೆ ಕೌನ್ಸೆಲಿಂಗ್ ಬೇರೆ, ಕೇಸ್ ಮ್ಯಾನೇಜ್‌ಮೆಂಟ್ ಬೇರೆ. ಕೌನ್ಸೆಲರ್ ಬಾಗಿಲು ಹಾಕಿಕೊಂಡು ಮನಸ್ಸಿನ ಮಾತು ಕೇಳ್ತಾರೆ, ಯೋಚನೆಗಳನ್ನ ಬಿಡಿಸಿಕೊಳ್ಳೋಕೆ ಸಹಾಯ ಮಾಡ್ತಾರೆ. ಅದು ಬೇಕೇ ಬೇಕು. ಆದ್ರೆ ಫೀಸ್ ಕಟ್ಟಿಲ್ಲ ಅಂತ ಹಾಲ್ ಟಿಕೆಟ್ ತಡೆಹಿಡಿದ್ರೆ ಎಷ್ಟು ಉಸಿರಾಟದ ವ್ಯಾಯಾಮ ಮಾಡಿದ್ರೂ ಹಾಲ್ ಟಿಕೆಟ್ ಬರಲ್ಲ. ಕೇಸ್ ಮ್ಯಾನೇಜರ್ ಕೆಲಸ ಶುರುವಾಗೋದು ಅಲ್ಲಿ. ಅವರು ವಿದ್ಯಾರ್ಥಿ ಜೊತೆ ಕೂತು ಕಷ್ಟಗಳ ಪಟ್ಟಿ ಮಾಡ್ತಾರೆ, ಯಾವುದು ಅರ್ಜೆಂಟು ಅಂತ ನೋಡ್ತಾರೆ, ಯಾವುದಕ್ಕೆ ಯಾರ ಹತ್ರ ಹೋಗಬೇಕು ಅಂತ ತಿಳಿದು ಅವನ ಒಪ್ಪಿಗೆ ತಗೊಂಡು ತಾವೇ ಫೋನ್ ಮಾಡ್ತಾರೆ. ಆಸ್ಪತ್ರೆಗೆ ಕಳಿಸಿದ್ರೆ ಹೋದ್ನಾ, ಮಾತ್ರೆ ಸಿಕ್ತಾ ಅಂತ ಮುಂದಿನ ವಾರ ಕೇಳ್ತಾರೆ. ಕೆಲಸ ಮುಗಿಯೋವರೆಗೆ ಫೈಲ್ ಮುಚ್ಚಲ್ಲ. ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಈಗಿರೋ ವ್ಯವಸ್ಥೆಯಲ್ಲಿ 'ಏನಾಯ್ತಪ್ಪಾ?' ಅಂತ ಎರಡನೇ ಸಲ ಕೇಳೋದು ಯಾರ ಕೆಲಸವೂ ಅಲ್ಲ.

ಇದಕ್ಕೆ ಅರ್ಜೆಂಟ್ ಯಾಕೆ ಅಂದ್ರೆ ನಮ್ಮ ಸೆಮಿಸ್ಟರ್ ಯಾರಿಗೂ ಕಾಯಲ್ಲ. ವಿಟಿಯು ನಿಯಮದ ಪ್ರಕಾರ ಪ್ರತಿ ವಿಷಯದಲ್ಲಿ 85% ಹಾಜರಾತಿ ಬೇಕು. 40 ಗಂಟೆಯ ವಿಷಯ ಅಂದ್ರೆ ಬರೀ 6 ಕ್ಲಾಸ್ ತಪ್ಪಿಸಬಹುದು. ಎರಡು ವಾರ ಜಾಂಡೀಸ್ ಬಂದ್ರೆ ಆ 6 ಮುಗಿದೇ ಹೋಯ್ತು. 2022ರ ಸ್ಕೀಮಿನಲ್ಲಿ ಸಿಐಇಯಲ್ಲಿ 50ಕ್ಕೆ 20 ಬರದಿದ್ರೆ ಆ ವಿಷಯದ ಕೊನೆ ಪರೀಕ್ಷೆ ಬರೆಯೋ ಹಾಗಿಲ್ಲ. ಹುಷಾರಿಲ್ಲದಂಥ ಕಾರಣಕ್ಕೆ ಹಾಜರಾತಿಯಲ್ಲಿ ವಿನಾಯಿತಿ ಕೇಳೋಕೆ ನಿಯಮದಲ್ಲೇ ದಾರಿ ಇದೆ. ಆದ್ರೆ ಅದನ್ನ ಸರಿಯಾದ ಸಮಯಕ್ಕೆ, ಸರಿಯಾದ ಕಾಗದ ಇಟ್ಟು ಕೇಳಬೇಕು. ಮನಸ್ಸು ಕುಗ್ಗಿ ಕೂತವನಿಗೆ ಕೊನೇ ದಿನಾಂಕ ಗೊತ್ತಾಗೋದು ಅದು ದಾಟಿ ನಾಲ್ಕು ದಿನ ಆದ್ಮೇಲೆ. ಅಲ್ಲಿಗೆ ಎರಡು ವಾರದ ಕಾಯಿಲೆ ಒಂದು ವರ್ಷದ ನಷ್ಟ ಆಗುತ್ತೆ. ಇಯರ್ ಬ್ಯಾಕ್ ಅಂದ್ರೆ ಸ್ಕಾಲರ್‌ಶಿಪ್‌ಗೂ ಪೆಟ್ಟು, ಮನೆಯಲ್ಲಿ ಮುಖ ತೋರಿಸೋದೂ ಕಷ್ಟ. ಕಷ್ಟ ಒಂದಕ್ಕೊಂದು ಗಂಟು ಹಾಕಿಕೊಳ್ಳೋದು ಹೀಗೆ. ಒಂದು ಎಳೆಯನ್ನ ಸಮಯಕ್ಕೆ ಸರಿಯಾಗಿ ಬಿಡಿಸಿದ್ರೆ ಉಳಿದದ್ದು ಸಡಿಲ ಆಗುತ್ತೆ.

ಸಡಿಲ ಆಗದಿದ್ರೆ ಏನಾಗುತ್ತೆ ಅನ್ನೋದಕ್ಕೆ ದೇಶದ ಅಂಕಿಅಂಶ ಇದೆ. ಎನ್‌ಸಿಆರ್‌ಬಿ ವರದಿ ಪ್ರಕಾರ 2021ರಲ್ಲಿ ಭಾರತದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,089. 2022ರಲ್ಲಿ 13,044. ದಿನಕ್ಕೆ 35 ಜನ ಅಂದ ಹಾಗಾಯ್ತು. ಈ ಸಾವುಗಳಿಗೆ ಒಂದೊಂದೇ ಕಾರಣ ಹುಡುಕೋದು ತಪ್ಪು. ಪೇಪರ್‌ನಲ್ಲಿ 'ಫೇಲಾಗಿದ್ದಕ್ಕೆ' ಅಂತ ಒಂದು ಸಾಲಿನಲ್ಲಿ ಬರೆದುಬಿಡ್ತಾರೆ. ಆ ಒಂದು ಸಾಲಿನ ಹಿಂದೆ ಸಾಲ, ಕಾಯಿಲೆ, ಒಂಟಿತನ, ಅವಮಾನ ಎಷ್ಟು ಸೇರಿರುತ್ತೋ. ಎಷ್ಟೋ ಕಡೆ ಪ್ರತಿಯೊಬ್ಬರಿಗೂ ಒಂದೊಂದು ಚೂರು ಗೊತ್ತಿರುತ್ತೆ, ಇಡೀ ಚಿತ್ರ ಯಾರಿಗೂ ಗೊತ್ತಿರಲ್ಲ.

ಇದು ನಾವು ಹೊಸದಾಗಿ ಕಂಡುಹಿಡಿದ ಬೇಡಿಕೆ ಅಲ್ಲ. 2023ರಲ್ಲೇ ಯುಜಿಸಿ ತನ್ನ ಮಾರ್ಗಸೂಚಿಯಲ್ಲಿ ವಿದ್ಯಾರ್ಥಿಗಳ ಒತ್ತಡ, ಮಾನಸಿಕ ತೊಂದರೆಗಳನ್ನ ನೋಡಿಕೊಳ್ಳೋಕೆ ಪ್ರತಿ ಸಂಸ್ಥೆಯಲ್ಲಿ ವಿದ್ಯಾರ್ಥಿ ಸೇವಾ ಕೇಂದ್ರ ಇರಬೇಕು ಅಂದಿತ್ತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ಕಾರ್ಯಪಡೆ ಮಾಡಿತು. ಅದೇ ವರ್ಷ ಜುಲೈ 25ರಂದು, ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬರ ಸಾವಿನ ಪ್ರಕರಣದಲ್ಲಿ ಕೋರ್ಟ್ 15 ಮಾರ್ಗಸೂಚಿಗಳನ್ನ ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರೋ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಲೇಬೇಕು. ಬೋಧಕರು, ಇತರ ಸಿಬ್ಬಂದಿ ಎಲ್ಲರಿಗೂ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು. ಹೆಲ್ಪ್‌ಲೈನ್ ನಂಬರ್‌ಗಳು ಹಾಸ್ಟೆಲ್‌ನಲ್ಲಿ, ಕ್ಲಾಸ್‌ರೂಮಿನಲ್ಲಿ ಎದ್ದು ಕಾಣಬೇಕು. ಆ ಪಟ್ಟಿಯಲ್ಲಿ 'ಸಮಾಜ ಕಾರ್ಯಕರ್ತ' ಅನ್ನೋ ಪದ ಇರೋದನ್ನ ಗಮನಿಸಿ. ಕೇಸ್ ಮ್ಯಾನೇಜ್‌ಮೆಂಟ್ ಅನ್ನೋದು ಮೂಲದಲ್ಲಿ ಅವರ ವಿದ್ಯೆಯೇ.

ಹೊರದೇಶದಲ್ಲಿ ಇದು ಹೇಗೆ ಬೆಳೀತು ಅನ್ನೋದೂ ತಿಳಿದಿರಬೇಕು, ಯಾಕಂದ್ರೆ ಅದರಲ್ಲಿ ನಮಗೆ ಒಂದು ಪಾಠ, ಒಂದು ಎಚ್ಚರಿಕೆ ಎರಡೂ ಇವೆ. 2007ರ ಏಪ್ರಿಲ್ 16ರಂದು ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ವಿದ್ಯಾರ್ಥಿಯೊಬ್ಬ ಗುಂಡು ಹಾರಿಸಿ 32 ಜನರನ್ನ ಕೊಂದ. ಆಮೇಲೆ ತನಿಖೆ ಮಾಡಿದ ಸಮಿತಿಗೆ ಕಂಡದ್ದು ಏನು ಅಂದ್ರೆ, ಆ ವಿದ್ಯಾರ್ಥಿ ಬಗ್ಗೆ ಅಧ್ಯಾಪಕರಿಗೆ, ಹಾಸ್ಟೆಲ್‌ನವರಿಗೆ, ಕ್ಯಾಂಪಸ್ ಪೊಲೀಸರಿಗೆ, ಕೌನ್ಸೆಲಿಂಗ್ ಕೇಂದ್ರಕ್ಕೆ ಒಂದೊಂದು ವಿಷಯ ಗೊತ್ತಿತ್ತು, ಆದ್ರೆ ಚುಕ್ಕಿಗಳನ್ನ ಸೇರಿಸಿ ರಂಗೋಲಿ ನೋಡಿದವರು ಯಾರೂ ಇರಲಿಲ್ಲ. ಖಾಸಗಿತನದ ಕಾನೂನನ್ನ ತಪ್ಪಾಗಿ ತಿಳಿದುಕೊಂಡು ಎಲ್ಲರೂ ಸುಮ್ಮನಿದ್ದರು. ಅದಾದ ಮೇಲೆ ಅಲ್ಲಿನ ಯೂನಿವರ್ಸಿಟಿಗಳಲ್ಲಿ ಕೇಸ್ ಮ್ಯಾನೇಜರ್ ಹುದ್ದೆ ಹೆಚ್ಚಾಗ್ತಾ ಹೋಯ್ತು. ಮಾಹಿತಿ ಒಂದು ಕಡೆ ಸೇರಬೇಕು ಅನ್ನೋದು ಪಾಠ. ಭಯದಿಂದ ಹುಟ್ಟಿದ ವ್ಯವಸ್ಥೆ ಸುಲಭವಾಗಿ ಕಾವಲು ವ್ಯವಸ್ಥೆ ಆಗಿಬಿಡುತ್ತೆ ಅನ್ನೋದು ಎಚ್ಚರಿಕೆ. ಬೇಜಾರಿನಲ್ಲಿರೋ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಂದ ಯಾರಿಗೂ ಅಪಾಯ ಇರಲ್ಲ. ಅವರನ್ನ ಅಪಾಯ ಅಂತ ನೋಡೋ ಆಫೀಸಿನ ಬಾಗಿಲನ್ನ ಅವರು ತಟ್ಟೋದೂ ಇಲ್ಲ.

ಇಲ್ಲಿಗೆ ನಮ್ಮ ವಾದದ ಕಷ್ಟದ ಭಾಗ ಬಂತು. ಒಬ್ಬರ ಕೈಯಲ್ಲಿ ನಮ್ಮ ಎಲ್ಲಾ ಕಷ್ಟದ ಫೈಲ್ ಇದ್ರೆ, ಆ ಫೈಲ್ ಎಲ್ಲಿಗೆ ಹೋಗುತ್ತೆ? ನಮ್ಮ ಕ್ಲಾಸಿನಲ್ಲಿ ಕೇಳಿದಾಗ ಹೆಚ್ಚಿನವರ ಮೊದಲ ಪ್ರಶ್ನೆ ಇದೇ. 'ಮನೆಗೆ ಫೋನ್ ಮಾಡ್ತಾರಾ?' ಹುಡುಗಿಯರಿಗಂತೂ ಇದು ಸಣ್ಣ ಪ್ರಶ್ನೆ ಅಲ್ಲ. ಮನೆಗೆ ಒಂದು ಫೋನ್ ಹೋದ್ರೆ 'ಓದು ಸಾಕು, ಊರಿಗೆ ಬಾ' ಅನ್ನೋ ಮನೆಗಳು ಇವೆ. ಇನ್ನು ಕೆಲವರಿಗೆ ಕಷ್ಟ ಇರೋದೇ ಮನೆಯಲ್ಲಿ. ಇನ್ನೊಂದು ಭಯ ಪ್ಲೇಸ್‌ಮೆಂಟ್ ಸೆಲ್‌ಗೆ ಗೊತ್ತಾದ್ರೆ ಅನ್ನೋದು.

ಈ ಭಯಕ್ಕೆ ಉತ್ತರ 'ನಮ್ಮನ್ನ ನಂಬಿ' ಅನ್ನೋ ಮಾತಲ್ಲಿ ಸಿಗಲ್ಲ, ಬರೆದಿಟ್ಟ ನಿಯಮದಲ್ಲಿ ಸಿಗಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಸೆಕ್ಷನ್, ಚಿಕಿತ್ಸೆ ಪಡೆಯೋ ವ್ಯಕ್ತಿಯ ಮಾಹಿತಿ ಗೋಪ್ಯವಾಗಿರಬೇಕು ಅನ್ನೋದನ್ನ ಹಕ್ಕು ಅಂತಲೇ ಹೇಳುತ್ತೆ. ಜೀವಕ್ಕೆ ಅಪಾಯ ಇರೋ ಸಂದರ್ಭಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ಅದೇ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರಿಗೆ ಶಿಕ್ಷೆ ಕೊಡಬಾರದು ಅನ್ನುತ್ತೆ. ಕಾನೂನೇ 'ಕೇಸ್ ಹಾಕೋದು' ಬಿಟ್ಟು ಆರೈಕೆ ಕಡೆಗೆ ಬಂದಿರುವಾಗ ಕಾಲೇಜು ಇನ್ನೂ ಡಿಸಿಪ್ಲಿನರಿ ಕಮಿಟಿ ಹತ್ರ ನಿಂತಿರೋದು ಸರಿಯಲ್ಲ. ಕೇಸ್ ಮ್ಯಾನೇಜರ್ ಎಚ್‌ಒಡಿಗೆ ಹೇಳಬೇಕಾಗಿರೋದು 'ಈ ವಿದ್ಯಾರ್ಥಿಗೆ ನಿಜವಾದ ಕಾರಣ ಇದೆ, ಟೆಸ್ಟ್‌ಗೆ ಇನ್ನೊಂದು ದಿನ ಕೊಡಿ' ಅನ್ನೋದಷ್ಟೇ. ಯಾವ ಕಾಯಿಲೆ, ಮನೆಯಲ್ಲಿ ಏನು ಜಗಳ ಅನ್ನೋದು ಎಚ್‌ಒಡಿಗೆ ಬೇಕಾಗಿಲ್ಲ.

ಪ್ರಾಕ್ಟರ್ ವ್ಯವಸ್ಥೆ ಇದೆಯಲ್ಲ, ಇನ್ನೊಬ್ಬರು ಯಾಕೆ ಅಂತ ಕೆಲವು ಲೆಕ್ಚರರ್‌ಗಳು ಕೇಳಿದ್ರು. ನಮ್ಮ ಪ್ರಾಕ್ಟರ್‌ಗಳ ಮೇಲೆ ನಮಗೆ ಗೌರವ ಇದೆ. ತಮ್ಮ ಜೇಬಿನಿಂದ ಎಕ್ಸಾಮ್ ಫೀಸ್ ಕಟ್ಟಿದ ಮೇಷ್ಟ್ರುಗಳ ಕಥೆ ಪ್ರತಿ ಬ್ಯಾಚಿನಲ್ಲೂ ಒಂದಿರುತ್ತೆ. ಆದ್ರೆ ಅವರಿಗೆ ಪಾಠ, ಲ್ಯಾಬ್, ಪೇಪರ್ ವ್ಯಾಲ್ಯುಯೇಷನ್, ಪಿಎಚ್‌ಡಿ, ನ್ಯಾಕ್ ಫೈಲು ಎಲ್ಲದರ ಜೊತೆ ಇಪ್ಪತ್ತು ವಿದ್ಯಾರ್ಥಿಗಳ ಮೆಂಟರ್ ಪುಸ್ತಕ. ಇನ್ನೊಂದು ವಿಷಯ, ಇಂಟರ್ನಲ್ಸ್ ಮಾರ್ಕ್ಸ್ ಹಾಕೋದೂ ಎಷ್ಟೋ ಸಲ ಅವರೇ. ಮಾರ್ಕ್ಸ್ ಹಾಕೋರ ಮುಂದೆ 'ಸರ್, ನನಗೆ ಯಾಕೋ ಬದುಕೋಕೆ ಇಷ್ಟ ಇಲ್ಲ' ಅಂತ ಹೇಳೋದು ಎಷ್ಟು ಜನಕ್ಕೆ ಸಾಧ್ಯ? ಪ್ರಾಕ್ಟರ್ ಮೊದಲು ಗಮನಿಸೋರು ಆಗಲಿ. ಗಮನಿಸಿದ ಮೇಲೆ ಯಾರಿಗೆ ಒಪ್ಪಿಸಬೇಕು ಅಂತ ಅವರಿಗೂ ಗೊತ್ತಿರಲಿ. ಇದರಿಂದ ಅವರ ಭಾರವೂ ಕಮ್ಮಿ ಆಗುತ್ತೆ.

ಎರಡನೇ ಆಕ್ಷೇಪ, ವಿದ್ಯಾರ್ಥಿಗಳು ಇದನ್ನ ದುರುಪಯೋಗ ಮಾಡ್ಕೋತಾರೆ ಅಂತ. ಕೆಲವರು ಮಾಡಬಹುದು. ಈಗಲೂ ನೂರಿನ್ನೂರು ರೂಪಾಯಿಗೆ ಸುಳ್ಳು ಮೆಡಿಕಲ್ ಸರ್ಟಿಫಿಕೇಟ್ ತರೋರು ಇದ್ದಾರಲ್ಲ? ಈಗಿನ ವ್ಯವಸ್ಥೆಯಲ್ಲಿ ಸುಳ್ಳು ಹೇಳೋ ಬುದ್ಧಿವಂತ ಪಾರಾಗ್ತಾನೆ, ನಿಜವಾಗ್ಲೂ ಕಷ್ಟದಲ್ಲಿರೋನು ಸಿಕ್ಕಿಹಾಕಿಕೊಳ್ತಾನೆ. ವಾರವಾರ ವಿಚಾರಿಸೋ ಒಬ್ಬ ವ್ಯಕ್ತಿ ಇದ್ರೆ ಸುಳ್ಳು ಬೇಗ ಗೊತ್ತಾಗುತ್ತೆ, ನಿಜವೂ ಬೇಗ ಗೊತ್ತಾಗುತ್ತೆ.

ಮೂರನೇದು ದುಡ್ಡು. ಹೊಸ ಲ್ಯಾಬ್ ಬಂದಾಗ ರಿಬ್ಬನ್ ಕತ್ತರಿಸ್ತೀವಿ, ಫೆಸ್ಟ್‌ಗೆ ಹಾಡುಗಾರರನ್ನ ಕರೆಸ್ತೀವಿ. ಅದೆಲ್ಲ ಬೇಡ ಅಂತ ನಾವು ಹೇಳ್ತಿಲ್ಲ, ಫೆಸ್ಟ್‌ನಲ್ಲಿ ಕುಣಿಯೋರಲ್ಲಿ ನಾವೂ ಇದ್ದೀವಿ. ಸಾವಿರಾರು ವಿದ್ಯಾರ್ಥಿಗಳಿರೋ ಕಾಲೇಜಿಗೆ ಒಬ್ಬರ ಸಂಬಳ ಭಾರ ಅಲ್ಲ ಅಂತಷ್ಟೇ ಹೇಳ್ತಿರೋದು. ಜನ ಎಲ್ಲಿಂದ ತರೋದು ಅಂದ್ರೆ, ನಮ್ಮ ರಾಜ್ಯದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಎಂಎಸ್‌ಡಬ್ಲ್ಯು ಓದಿ ಪ್ರತಿ ವರ್ಷ ಹೊರಬರೋರಿದ್ದಾರೆ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕ್ಕೇ ಒಂದು ವಿಭಾಗ ಇದೆ. ಮಾನಸಿಕ ಆರೋಗ್ಯವನ್ನ ಜಿಲ್ಲಾ ಮಟ್ಟಕ್ಕೆ ಒಯ್ಯೋ ಕಾರ್ಯಕ್ರಮಕ್ಕೆ ದೇಶದಲ್ಲಿ ಮಾದರಿಯಾಗಿದ್ದು ನಮ್ಮ ಬಳ್ಳಾರಿ. ಅಂಥ ರಾಜ್ಯದಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಒಬ್ಬರು ಸಿಗಲ್ಲ ಅಂದ್ರೆ ನಾವು ಒಪ್ಪಲ್ಲ.

ಇನ್ನು ಕನ್ನಡದ ಮಾತು. ಇದು ಕನ್ನಡ ಸಂಘದ ಪತ್ರಿಕೆ ಅಂತ ಸೇರಿಸ್ತಿರೋದಲ್ಲ. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಸರ್ಕ್ಯೂಟ್ ಬಗ್ಗೆ ಇಂಗ್ಲಿಷ್‌ನಲ್ಲೇ ಮಾತಾಡ್ತೀವಿ, ಆದ್ರೆ ಹೊಟ್ಟೆಯೊಳಗಿನ ಸಂಕಟ ಇಂಗ್ಲಿಷ್‌ನಲ್ಲಿ ಬರಲ್ಲ. ನಮ್ಮ ಹುಡುಗರು 'ಡಿಪ್ರೆಷನ್' ಅನ್ನಲ್ಲ, 'ಖಿನ್ನತೆ' ಅಂತೂ ಅನ್ನೋದೇ ಇಲ್ಲ. 'ಯಾಕೋ ಬೇಜಾರು', 'ತಲೆ ಓಡ್ತಿಲ್ಲ', 'ಏನೂ ಬ್ಯಾಡ ಅನಿಸ್ತದ' ಅಂತಾರೆ. ಇದನ್ನ ಕೇಳಿದ ತಕ್ಷಣ ಅದರ ತೂಕ ಗೊತ್ತಾಗೋರು ಆ ಕುರ್ಚಿಯಲ್ಲಿ ಕೂತಿರಬೇಕು. ಕಲಬುರಗಿಯ ಕನ್ನಡವೂ, ಕುಂದಾಪುರದ ಕನ್ನಡವೂ ಅವರ ಕಿವಿಗೆ ಬಿದ್ದಿರಬೇಕು. ಅರ್ಜಿ ಫಾರಂ ಕನ್ನಡದಲ್ಲೂ ಇರಬೇಕು, ಒಂದೇ ಪುಟದ್ದಾಗಿರಬೇಕು.

ಹಾಗಾಗಿ ನಮ್ಮ ಬೇಡಿಕೆ ಇಷ್ಟು. ಪೂರ್ಣಾವಧಿಯ ಒಬ್ಬ ಕೇಸ್ ಮ್ಯಾನೇಜರ್, ಎಂಎಸ್‌ಡಬ್ಲ್ಯು ಅಥವಾ ಅದಕ್ಕೆ ಸಮನಾದ ಓದು ಇರೋರು, ಪಾಠ ಮಾಡದವರು, ಮಾರ್ಕ್ಸ್ ಹಾಕದವರು. ಅವರ ರೂಮು ಪ್ರಿನ್ಸಿಪಾಲರ ಚೇಂಬರ್ ಪಕ್ಕ ಬೇಡ, ಲೈಬ್ರರಿ ಕಡೆ ಇರಲಿ, ಯಾಕೆ ಹೋದೆ ಅಂತ ಯಾರೂ ಕೇಳದ ಜಾಗದಲ್ಲಿ. ಮಾಹಿತಿ ಯಾರಿಗೆ ಹೋಗುತ್ತೆ, ಯಾರಿಗೆ ಹೋಗಲ್ಲ ಅನ್ನೋ ನಿಯಮ ಗೋಡೆ ಮೇಲೆ ಇರಲಿ. ಮನೆಯವರಿಗೆ ಯಾವಾಗ ಹೇಳ್ತಾರೆ ಅನ್ನೋದನ್ನ ಮೊದಲ ದಿನವೇ ಸ್ಪಷ್ಟ ಮಾಡಲಿ. ಅಟೆಂಡೆನ್ಸ್, ಟೆಸ್ಟ್, ಫೀಸ್ ಕಂತಿನ ವಿಷಯದಲ್ಲಿ ಅವರು ಬರೆದ ಒಂದು ಪತ್ರಕ್ಕೆ ಎಲ್ಲಾ ಸೆಕ್ಷನ್‌ಗಳೂ ಒಂದು ವಾರದಲ್ಲಿ ಉತ್ತರ ಕೊಡಲಿ. ವರ್ಷದ ಕೊನೆಗೆ ಹೆಸರಿಲ್ಲದೆ, ಎಷ್ಟು ಜನ ಬಂದ್ರು, ಎಷ್ಟು ಜನರ ಕೆಲಸ ಆಯ್ತು ಅಂತ ಲೆಕ್ಕ ಕೊಡಲಿ.

ಅಲ್ಲಿಯವರೆಗೆ ನಾವು ಸುಮ್ಮನೆ ಕೂರಬೇಕಾಗಿಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ನಡೀತಿದೆ. ನಂಬರ್ 14416. ದಿನದ 24 ಗಂಟೆಯೂ, ಉಚಿತವಾಗಿ, ಕನ್ನಡದಲ್ಲೂ ಮಾತಾಡಬಹುದು. ಈಗಲೇ ಮೊಬೈಲ್‌ನಲ್ಲಿ ಸೇವ್ ಮಾಡ್ಕೊಳ್ಳಿ, ನಿಮಗೆ ಬೇಡದಿದ್ರೂ ಪಕ್ಕದ ರೂಮಿನವರಿಗೆ ಬೇಕಾಗಬಹುದು.

ಮೆಸ್‌ಗೆ ಬರದೇ ಇರೋ ರೂಮ್‌ಮೇಟ್ ಇದ್ರೆ ಒಂದು ತಟ್ಟೆ ಊಟ ರೂಮಿಗೆ ಒಯ್ಯಿರಿ. ಅವನ ಲೆಟರ್ ನೀವು ಟೈಪ್ ಮಾಡಿಕೊಡಿ, ಎಚ್‌ಒಡಿ ರೂಮಿನ ಹೊರಗೆ ಅವನ ಜೊತೆ ನೀವೂ ನಿಂತ್ಕೊಳ್ಳಿ. ಸಾಯೋ ಮಾತಾಡಿದ್ರೆ ತಮಾಷೆ ಅಂತ ಬಿಡಬೇಡಿ, ಗುಟ್ಟು ಅಂತ ಇಟ್ಟುಕೊಳ್ಳಲೂ ಬೇಡಿ. ಅವನನ್ನ ಒಬ್ಬನೇ ಬಿಡದೆ ದೊಡ್ಡವರೊಬ್ಬರಿಗೆ ಅವತ್ತೇ ತಿಳಿಸಿ. ಇದನ್ನೆಲ್ಲ ನಾವು ಮಾಡ್ತೀವಿ, ಮಾಡಲೇಬೇಕು. ಆದ್ರೆ ಹತ್ತೊಂಬತ್ತು ವರ್ಷದ ನಮ್ಮ ಹೆಗಲ ಮೇಲೆ ಇಷ್ಟೂ ಭಾರ ಹಾಕಿ ಕಾಲೇಜು ಕೈತೊಳೆದುಕೊಳ್ಳೋ ಹಾಗಿಲ್ಲ. ಈ ಬೇಡಿಕೆಯ ಪತ್ರ ಮುಂದಿನ ವಾರ ನಮ್ಮ ಸಂಘದ ರೂಮಿನಲ್ಲಿ ಇರುತ್ತೆ. ಓದಿ, ಒಪ್ಪಿಗೆ ಆದ್ರೆ ಸಹಿ ಹಾಕಿ. ಒಪ್ಪಿಗೆ ಇಲ್ಲದಿದ್ರೆ ಬಂದು ಜಗಳ ಆಡಿ, ಅದಕ್ಕೂ ನಾವು ರೆಡಿ.